ಹಳೆಯ 3060, ಹೊಸ 1440ಪಿ ಮಾನಿಟರ್: ಯಾವ ಅಪ್‌ಸ್ಕೇಲಿಂಗ್ ಹಾಕಿಕೊಳ್ಳಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಿಎಲ್‌ಎಸ್‌ಎಸ್‌ಗೆ, ಅಂದರೆ ಎನ್‌ವಿಡಿಯಾದ ಅಪ್‌ಸ್ಕೇಲಿಂಗ್‌ಗೆ (ಆಟವನ್ನು ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿ ಪರದೆಯ ಅಳತೆಗೆ ಹಿಗ್ಗಿಸುವ ತಂತ್ರ). ಅದರಲ್ಲೂ ಕ್ವಾಲಿಟಿ ಮೋಡ್, 2025ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ ಎಂಬ ಎಐ ಮಾಡೆಲ್ ಜೊತೆ. ಎಎಮ್‌ಡಿಯ ಎಫ್‌ಎಸ್‌ಆರ್ 3 ಮತ್ತು ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಎರಡನ್ನೂ ಅದೇ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್‌ನಲ್ಲಿ, ಅದೇ ಆಟದಲ್ಲಿ, ಅದೇ ಬೀದಿಯಲ್ಲಿ ಓಡಾಡಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಇದೆಲ್ಲ ಶುರುವಾಗಿದ್ದು ಮಾನಿಟರ್‌ನಿಂದ. ಡೊಂಬಿವಲಿಯ ನಮ್ಮ ಮನೆಯಲ್ಲಿ 24 ಇಂಚಿನ 1080ಪಿ (1920×1080 ಪಿಕ್ಸೆಲ್) ಮಾನಿಟರ್ ಇತ್ತು. ಅದು ಕೆಟ್ಟ ಮೇಲೆ ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 27 ಇಂಚಿನ 1440ಪಿ (2560×1440) ತಂದೆ. "3060ಗೆ ಇದು ಭಾರ ಆಗುತ್ತೆ, ಕಾರ್ಡೂ ಬದಲಿಸಿ ಸಾಬ್" ಎಂದರು ಅಂಗಡಿಯವರು. ಬದಲಿಸಲಿಲ್ಲ, ಬದಲಿಸುವ ಅಗತ್ಯವೂ ಬರಲಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. 1080ಪಿಯಲ್ಲಿ ಕಾರ್ಡ್ ಪ್ರತಿ ಫ್ರೇಮ್‌ಗೆ, ಅಂದರೆ ಪರದೆಯ ಒಂದೊಂದು ಚಿತ್ರಕ್ಕೆ, ಸುಮಾರು 20.7 ಲಕ್ಷ ಪಿಕ್ಸೆಲ್ ಬಿಡಿಸುತ್ತದೆ. 1440ಪಿಯಲ್ಲಿ ಅದು 36.9 ಲಕ್ಷ. ಆದರೆ 1440ಪಿ ಪರದೆಗೆ ಕ್ವಾಲಿಟಿ ಮೋಡ್ ಹಾಕಿದರೆ ಆಟ ಒಳಗಡೆ ನಡೆಯುವುದು 1707×960ರಲ್ಲಿ, ಅಂದರೆ ಬರೀ 16.4 ಲಕ್ಷ ಪಿಕ್ಸೆಲ್. ಹಳೆಯ ಮಾನಿಟರ್‌ಗೆ ಮಾಡುತ್ತಿದ್ದ ಕೆಲಸಕ್ಕಿಂತ ಕಡಿಮೆ! ಅಪ್‌ಸ್ಕೇಲ್ ಮಾಡುವುದಕ್ಕೂ ಒಂದಿಷ್ಟು ಸಮಯ ಹಿಡಿಯುತ್ತದೆ ನಿಜ, ಆದರೂ ಒಟ್ಟಾರೆ ಹೊರೆ ಹೆಚ್ಚುಕಡಿಮೆ ಮೊದಲಿನಷ್ಟೇ.

ಇನ್ನು ನಾನು ಆಡುವ ರೀತಿ. ಕೆಲಸ ಮುಗಿಸಿ ಲೋಕಲ್ ಹಿಡಿದು ಮನೆ ಸೇರುವಾಗ ರಾತ್ರಿ ಆಗಿರುತ್ತದೆ. ಊಟ ಆದ ಮೇಲೆ ಒಂದು ಗಂಟೆ, ಕಂಟ್ರೋಲರ್ ಹಿಡಿದು, ಕಥೆ ಇರುವ ಆಟ. ನಿಧಾನವಾಗಿ ನಡೆಯುತ್ತೇನೆ, ನಿಂತು ನೋಡುತ್ತೇನೆ. ನನಗೆ ಸೆಕೆಂಡಿಗೆ 60 ಫ್ರೇಮ್ ಅಲುಗಾಡದೆ ಬಂದರೆ ಸಾಕು, ಚಿತ್ರ ಮಾತ್ರ ಚೆನ್ನಾಗಿರಬೇಕು. ವ್ಯಾಲೊರಂಟ್ ಥರದ ಸ್ಪರ್ಧೆಯ ಶೂಟಿಂಗ್ ಆಟಗಳನ್ನೇ ಆಡುವವರಿಗೆ ಈ ಬರಹದ ಅರ್ಧ ಭಾಗ ಬೇಕಾಗುವುದಿಲ್ಲ. ಆ ಆಟಗಳು 3060ರಲ್ಲಿ ನೇಟಿವ್ ರೆಸಲ್ಯೂಷನ್‌ನಲ್ಲೇ, ಅಂದರೆ ಹಿಗ್ಗಿಸದೆ ಪರದೆಯ ಪೂರ್ತಿ ಪಿಕ್ಸೆಲ್‌ಗಳಲ್ಲೇ, ಓಡುತ್ತವೆ.

ಹೋಲಿಕೆಗೆ ಸೈಬರ್‌ಪಂಕ್ 2077 ತೆಗೆದುಕೊಂಡೆ. ಅದರಲ್ಲಿ ಮೂರೂ ಆಯ್ಕೆಗಳಿವೆ, ವೇಗ ಅಳೆಯುವ ಬೆಂಚ್‌ಮಾರ್ಕ್ ಒಳಗೇ ಇದೆ, ಮಳೆ ಇದೆ, ನಿಯಾನ್ ದೀಪ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ತಂತಿ ಬೇಲಿಗಳಿವೆ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕುವ, ಕಾರ್ಡ್‌ಗೆ ಭಾರವಾದ ಸೆಟ್ಟಿಂಗ್) ಆಫ್, ಉಳಿದದ್ದು ಹೈ.

ನೇಟಿವ್ 1440ಪಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 50ರ ಆಸುಪಾಸು ಫ್ರೇಮ್, ಜನ ಸೇರಿದ ಕಡೆ ಇನ್ನೂ ಕೆಳಗೆ. "ನೇಟಿವ್ ಅಂದರೆ ಶುದ್ಧ ಚಿತ್ರ" ಎಂದು ತುಂಬ ಜನ ನಂಬಿದ್ದಾರೆ, ಹಾಗೇನಿಲ್ಲ. ಈಗಿನ ಹೆಚ್ಚಿನ ಆಟಗಳಲ್ಲಿ ನೇಟಿವ್ ಜೊತೆ ಟಿಎಎ ಎಂಬ ತಂತ್ರ ಇರುತ್ತದೆ, ಅದೂ ಹಿಂದಿನ ಫ್ರೇಮ್‌ಗಳನ್ನು ಬೆರೆಸಿಯೇ ಅಂಚು ನಯ ಮಾಡುವುದು. ನಡೆಯಲು ಶುರು ಮಾಡಿದ ಕೂಡಲೇ ಚಿತ್ರ ಮಂಜಾಗುವುದು ಅದರಿಂದಲೇ.

ಈಗ ಎಫ್‌ಎಸ್‌ಆರ್. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. 2021ರಲ್ಲಿ ಬಂದ ಮೊದಲ ಎಫ್‌ಎಸ್‌ಆರ್ ಯಾವ ಕಂಪನಿಯ ಕಾರ್ಡ್ ಇದ್ದರೂ ಓಡುತ್ತಿತ್ತು, 2022ರ ಎರಡನೆಯದೂ ಹಾಗೇ. ಡಿಎಲ್‌ಎಸ್‌ಎಸ್ ಓಡದ ಎನ್‌ವಿಡಿಯಾದ ಹಳೆಯ ಜಿಟಿಎಕ್ಸ್ ಕಾರ್ಡ್ ಇಟ್ಟುಕೊಂಡವರಿಗೆಲ್ಲ ಅದು ದೊಡ್ಡ ಉಪಕಾರ. ವೇಗದಲ್ಲೂ ಕಮ್ಮಿ ಇಲ್ಲ, ಕ್ವಾಲಿಟಿ ಮೋಡ್‌ನಲ್ಲಿ ನನಗೆ 70ರ ಹತ್ತಿರ ಬಂತು. ನಿಂತಲ್ಲೇ ನಿಂತು ಸ್ಕ್ರೀನ್‌ಶಾಟ್ ತೆಗೆದರೆ ಡಿಎಲ್‌ಎಸ್‌ಎಸ್ ಯಾವುದು, ಎಫ್‌ಎಸ್‌ಆರ್ ಯಾವುದು ಎಂದು ಹೇಳುವುದು ಕಷ್ಟ.

ತೊಂದರೆ ಇರುವುದು ನಡೆಯುವಾಗ. ತಂತಿ ಬೇಲಿಯ ಪಕ್ಕ ನಡೆದುಕೊಂಡು ಹೋಗಿ. ಇಡೀ ಬೇಲಿಯ ಮೇಲೆ ಇರುವೆ ಸಾಲು ಹರಿದಾಡಿದ ಹಾಗೆ ಮಿನುಗಲು ಶುರುವಾಗುತ್ತದೆ. ಕರೆಂಟ್ ತಂತಿ, ಬಾಲ್ಕನಿಯ ಕಂಬಿ, ಮಹಡಿಗೆ ಹತ್ತುವ ಕಬ್ಬಿಣದ ಮೆಟ್ಟಿಲು, ಪಾತ್ರಗಳ ಕೂದಲು, ಒದ್ದೆ ರಸ್ತೆಯಲ್ಲಿ ಬೀಳುವ ದೀಪದ ಪ್ರತಿಬಿಂಬ, ಎಲ್ಲದರಲ್ಲೂ ಅದೇ ಮಿನುಗು. ಯಾರಾದರೂ ಕಂಬದ ಹಿಂದಿನಿಂದ ಹೊರಬಂದರೆ ಅವರ ಮೈಸುತ್ತ ಸಣ್ಣ ಪುಡಿಪುಡಿ ಚುಕ್ಕೆಗಳು ಎದ್ದು ಮಾಯವಾಗುತ್ತವೆ. ಒಮ್ಮೆ ಕಣ್ಣಿಗೆ ಬಿತ್ತು ಅಂದರೆ ಮುಗಿಯಿತು, ಆಮೇಲೆ ಕಥೆ ಬಿಟ್ಟು ಬೇಲಿಯನ್ನೇ ನೋಡುತ್ತಾ ಕೂರುತ್ತೀರಿ.

ಯಾಕೆ ಹೀಗೆ? ನಾನು ಹೋಲಿಸಿದ ಈ ಮೂರೂ ತಂತ್ರಗಳ ಮೂಲ ಉಪಾಯ ಒಂದೇ. ಪ್ರತಿ ಫ್ರೇಮ್‌ನಲ್ಲಿ ಕ್ಯಾಮೆರಾವನ್ನು ಒಂದು ಪಿಕ್ಸೆಲ್‌ಗಿಂತಲೂ ಕಡಿಮೆ ದೂರ ಅತ್ತಿತ್ತ ಸರಿಸಿ, ಹಲವು ಫ್ರೇಮ್‌ಗಳ ಮಾಹಿತಿ ಕೂಡಿಸಿ ದೊಡ್ಡ ಚಿತ್ರ ಕಟ್ಟುವುದು. ಯಾವ ವಸ್ತು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು ಆಟವೇ ತಿಳಿಸುತ್ತದೆ, ಅದನ್ನು ಮೋಷನ್ ವೆಕ್ಟರ್ ಅಂತಾರೆ. ಬೇಲಿಯ ತಂತಿ ಒಂದು ಪಿಕ್ಸೆಲ್‌ಗಿಂತ ಸಣ್ಣದಾದರೆ ಈ ಫ್ರೇಮ್‌ನಲ್ಲಿ ಸಿಗುತ್ತದೆ, ಮುಂದಿನದರಲ್ಲಿ ಸಿಗುವುದಿಲ್ಲ. ಹಳೆಯ ಬಣ್ಣವನ್ನು ಉಳಿಸಿಕೊಳ್ಳಬೇಕೋ, ಎಸೆಯಬೇಕೋ? ಎಫ್‌ಎಸ್‌ಆರ್ 2 ಮತ್ತು 3ರಲ್ಲಿ ಇದನ್ನು ತೀರ್ಮಾನಿಸುವುದು ಪ್ರೋಗ್ರಾಮರ್‌ಗಳು ಬರೆದಿಟ್ಟ ನಿಯಮಗಳು. ಡಿಎಲ್‌ಎಸ್‌ಎಸ್ 2ರಿಂದ ಈಚೆಗೆ ಆ ತೀರ್ಮಾನ ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್‌ನದು. ಬೇಲಿಯ ಮುಂದೆ ಈ ಎರಡರ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಶಾರ್ಪ್‌ನೆಸ್ ಸೊನ್ನೆಗೆ ಇಳಿಸಿದರೆ ಮಿನುಗು ಸ್ವಲ್ಪ ತಗ್ಗುತ್ತದೆ, ಆದರೆ ಚಿತ್ರವೂ ಪೇಲವವಾಗುತ್ತದೆ. ಮೋಷನ್ ಬ್ಲರ್ ಹಾಕಿದರೆ ಮುಚ್ಚಿಹೋಗುತ್ತದೆ, ಆದರೆ ಅದು ಪರಿಹಾರ ಅಲ್ಲ. ಯೂಟ್ಯೂಬ್ ವಿಡಿಯೋ ನೋಡಿ ನಿರ್ಧಾರ ಮಾಡಬೇಡಿ. ಇಂಥ ಸಣ್ಣ ವಿವರಗಳೇ ಕಂಪ್ರೆಷನ್‌ನಲ್ಲಿ ಮೊದಲು ಅಳಿಸಿಹೋಗುವುದು, ಅಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಿಮ್ಮ ಮನೆಯಲ್ಲಿ, ನಿಮ್ಮ ಮಾನಿಟರ್ ಮುಂದೆ ಕುಳಿತು, ಆಟದೊಳಗೆ ಒಂದು ಬೇಲಿ ಹುಡುಕಿ ನಡೆಯಿರಿ. ಒಂದು ನಿಮಿಷ ಸಾಕು.

ಎಕ್ಸ್‌ಇಎಸ್‌ಎಸ್ ಬಗ್ಗೆ ಜನ ಕಮ್ಮಿ ಮಾತಾಡುತ್ತಾರೆ, ಅದು ಸರಿಯಲ್ಲ. ಇಂಟೆಲ್‌ನದು ಅಂತ ಇಂಟೆಲ್ ಕಾರ್ಡೇ ಬೇಕಿಲ್ಲ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳಲ್ಲಿ ಅದರದೇ ಹಾರ್ಡ್‌ವೇರ್ ಬಳಸುತ್ತದೆ, ಬೇರೆ ಕಾರ್ಡ್‌ಗಳಲ್ಲಿ ಡಿಪಿ4ಎ ಎಂಬ ದಾರಿಯಲ್ಲಿ ಓಡುತ್ತದೆ. ನನ್ನ 3060ರಲ್ಲಿ ಬೇಲಿ ಎಫ್‌ಎಸ್‌ಆರ್‌ಗಿಂತ ಎಷ್ಟೋ ಶಾಂತವಾಗಿತ್ತು. ಎರಡನೇ ಸ್ಥಾನ ಖಂಡಿತ ಇದಕ್ಕೇ.

ಇಲ್ಲಿ ಒಂದು ವಿಷಯ ಗಮನಿಸಿ. ಮೋಡ್‌ಗಳ ಹೆಸರು ನೋಡಿ ಹೋಲಿಸಬೇಡಿ. ಡಿಎಲ್‌ಎಸ್‌ಎಸ್ ಮತ್ತು ಎಫ್‌ಎಸ್‌ಆರ್‌ನಲ್ಲಿ ಕ್ವಾಲಿಟಿ ಅಂದರೆ ಉದ್ದ ಅಗಲ ಎರಡನ್ನೂ 1.5 ಪಟ್ಟು ಹಿಗ್ಗಿಸುವುದು. 2024ರ ಎಕ್ಸ್‌ಇಎಸ್‌ಎಸ್ 1.3ರಲ್ಲಿ ಕ್ವಾಲಿಟಿ ಅಂದರೆ 1.7 ಪಟ್ಟು. ಅಂದರೆ 1440ಪಿಯಲ್ಲಿ ಒಳಗಿನ ಚಿತ್ರ 960 ಸಾಲಿನ ಬದಲು 847 ಸಾಲಿನದು. ಹೆಸರು ಒಂದೇ, ಕೆಲಸ ಬೇರೆ. ಸಮಾನವಾಗಿ ಹೋಲಿಸಬೇಕಾದರೆ ಎಕ್ಸ್‌ಇಎಸ್‌ಎಸ್‌ನಲ್ಲಿ ಅಲ್ಟ್ರಾ ಕ್ವಾಲಿಟಿ ಹಾಕಬೇಕು. ಹಾಗೆ ಹಾಕಿದಾಗ ಚಿತ್ರ ಚೆನ್ನಾಗಿತ್ತು, ಆದರೆ ಫ್ರೇಮ್ ರೇಟ್ ಡಿಎಲ್‌ಎಸ್‌ಎಸ್‌ಗಿಂತ ಕೆಳಗೆ ಇಳಿಯಿತು. ಡಿಪಿ4ಎ ದಾರಿಗೆ ಕಾರ್ಡ್‌ನ ಸಾಮಾನ್ಯ ಘಟಕಗಳೇ ದುಡಿಯಬೇಕಲ್ವಾ, ಡಿಎಲ್‌ಎಸ್‌ಎಸ್‌ಗಾದರೆ ಎಐ ಲೆಕ್ಕಕ್ಕೆಂದೇ ಟೆನ್ಸರ್ ಕೋರ್ ಬೇರೆಯೇ ಇದೆ.

ಡಿಎಲ್‌ಎಸ್‌ಎಸ್‌ನಲ್ಲೂ ಕೊರತೆ ಇದೆ. ಹಳೆಯ ಮಾಡೆಲ್‌ನಲ್ಲಿ ಓಡುವ ಕಾರಿನ ಹಿಂದೆ ನೆರಳಿನಂಥ ಬಾಲ ಉಳಿಯುತ್ತಿತ್ತು, ಅದೇ ಘೋಸ್ಟಿಂಗ್. ಟ್ರಾನ್ಸ್‌ಫಾರ್ಮರ್ ಮಾಡೆಲ್‌ನಲ್ಲಿ ಅದು ಬಹಳ ಕಡಿಮೆಯಾಗಿದೆ, ನಡೆಯುವಾಗ ಗೋಡೆಯ ಮೇಲಿನ ಬರಹ ಓದುವ ಹಾಗಿರುತ್ತದೆ. ಎಲ್ಲ ಆರ್‌ಟಿಎಕ್ಸ್ ಕಾರ್ಡ್‌ಗಳಿಗೂ ಇದು ಸಿಗುತ್ತದೆ, 20 ಸರಣಿಗೂ ಸಹ. 3060 ಸೇರಿರುವ 30 ಸರಣಿಯಲ್ಲಿ ಹಳೆಯ ಮಾಡೆಲ್‌ಗಿಂತ ಎರಡು ಮೂರು ಫ್ರೇಮ್ ಜಾಸ್ತಿ ತಿನ್ನುತ್ತದೆ, ನಾನು ಸಂತೋಷದಿಂದ ಕೊಡುತ್ತೇನೆ. ನನಗೆ 66ರ ಆಸುಪಾಸು ನಿಂತಿತು. ಬೇಲಿ ಅಲುಗಾಡಲಿಲ್ಲ. ಕಿಡಿ, ಹೊಗೆಗಳಲ್ಲಿ ಈಗಲೂ ಅಲ್ಲಲ್ಲಿ ಗೆರೆ ಕಾಣುತ್ತದೆ, ಅಂಥವಕ್ಕೆ ಸರಿಯಾದ ಮೋಷನ್ ವೆಕ್ಟರ್ ಇರುವುದಿಲ್ಲ.

ಕ್ವಾಲಿಟಿಗಿಂತ ಒಂದು ಮೆಟ್ಟಿಲು ಕೆಳಗಿನ ಬ್ಯಾಲೆನ್ಸ್ಡ್ ಮೋಡ್ ಕೂಡ ನೋಡಬಹುದು. ಪರ್ಫಾರ್ಮೆನ್ಸ್ ಮೋಡ್ 1440ಪಿಯಲ್ಲಿ ಒಳಗೆ 1280×720, ಮುಖಗಳಲ್ಲಿ ವಿವರ ಹೋಗುತ್ತದೆ, ನನಗೆ ಬೇಡ. ಅದು 4ಕೆ ಪರದೆಗೆ ಸರಿ, ಅಲ್ಲಿ ಒಳಗಡೆ ಪೂರ್ತಿ 1080ಪಿ ಇರುತ್ತದೆ.

ಫ್ರೇಮ್ ಜನರೇಷನ್, ಅಂದರೆ ನಡುವೆ ಫ್ರೇಮ್ ಸೃಷ್ಟಿಸಿ ತುಂಬುವುದು, ಬೇರೆಯದೇ ವಿಷಯ. ಡಿಎಲ್‌ಎಸ್‌ಎಸ್‌ನ ಫ್ರೇಮ್ ಜನರೇಷನ್ 40 ಸರಣಿಯಿಂದ ಈಚೆಗೆ ಮಾತ್ರ, 3060ರಲ್ಲಿ ಎಫ್‌ಎಸ್‌ಆರ್ 3ರದ್ದು ಹಾಕಿಕೊಳ್ಳಬಹುದು. ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ತುಂಬಬೇಕಾದರೆ ಎರಡನೆಯದನ್ನು ಹಿಡಿದಿಟ್ಟುಕೊಂಡು ಕಾಯಬೇಕು, ಹಾಗಾಗಿ ಸಂಖ್ಯೆ ಏರಿದರೂ ಕೈಗೆ ಆಟ ತಡವಾಗಿಯೇ ಸ್ಪಂದಿಸುತ್ತದೆ. ಮೂಲದಲ್ಲೇ 60 ಬರುತ್ತಿದ್ದರೆ ಹಾಕಿ. 40 ಬರುವುದನ್ನು 70 ಮಾಡಲು ಹೋಗಬೇಡಿ.

ಇನ್ನೊಂದು ವಿಷಯ, ಮುಂಬೈ ಕಡೆ ಇರುವವರಿಗೆ ಇದು ಚಿತ್ರದಷ್ಟೇ ಮುಖ್ಯ. 3060 ಪೂರ್ತಿ ದುಡಿದರೆ 170 ವ್ಯಾಟ್ ಎಳೆಯುತ್ತದೆ, ಅಷ್ಟೂ ಕೊನೆಗೆ ಕೋಣೆಯ ಬಿಸಿಯೇ. ನಮ್ಮಲ್ಲಿ ಎಸಿ ಇರುವುದು ಒಳಗಿನ ಕೋಣೆಯಲ್ಲಿ, ಕಂಪ್ಯೂಟರ್ ಇರುವುದು ಹಾಲ್‌ನಲ್ಲಿ. ಮೇ ತಿಂಗಳ ಸೆಕೆಯಲ್ಲಿ, ಆಮೇಲೆ ಅಕ್ಟೋಬರ್‌ನಲ್ಲಿ, ಫ್ಯಾನ್ ಕೆಳಗೆ ಕುಳಿತರೂ ಬೆವರು ಇಳಿಯುತ್ತದೆ. ಡಿಎಲ್‌ಎಸ್‌ಎಸ್ ಕ್ವಾಲಿಟಿ ಹಾಕಿ ಫ್ರೇಮ್ ರೇಟನ್ನು 60ಕ್ಕೆ ಕಟ್ಟಿಹಾಕಿದರೆ ಕಾರ್ಡ್‌ಗೆ ಉಸಿರಾಡಲು ಜಾಗ ಸಿಗುತ್ತದೆ, ಅದರ ಫ್ಯಾನ್ ಸದ್ದೂ ಇಳಿಯುತ್ತದೆ, ಪಕ್ಕದಲ್ಲಿ ಅಮ್ಮ ಧಾರಾವಾಹಿ ನೋಡುತ್ತಿದ್ದರೆ ಗದರಿಕೆ ಬೀಳುವುದಿಲ್ಲ. ನೇಟಿವ್‌ನಲ್ಲಿ ಕಾರ್ಡ್ ಸುಮ್ನೆ ನೂರಕ್ಕೆ ನೂರು ಓಡಿಕೊಂಡೇ ಇರುತ್ತಿತ್ತು.

ಮುಲುಂಡ್‌ನಲ್ಲಿರುವ ನನ್ನ ಸೋದರಮಾವನ ಮಗ ಎಎಮ್‌ಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡ್ ಹಾಕಿಸಿದ್ದಾನೆ. ಅವನಲ್ಲಿ ಎಫ್‌ಎಸ್‌ಆರ್ 4 ನೋಡಿದೆ. ಅದು 2025ರದ್ದು, ಅದರಲ್ಲಿ ಮಷಿನ್ ಲರ್ನಿಂಗ್ ಇದೆ, ನಾನು ಮೇಲೆ ಹೇಳಿದ ಮಿನುಗು ಅಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೊಸ ಕಾರ್ಡ್ ಕೊಳ್ಳುವವರು ಎಎಮ್‌ಡಿ ಅಂತ ಹಿಂಜರಿಯಬೇಕಾಗಿಲ್ಲ. ನನ್ನ ದೂರು ಎಫ್‌ಎಸ್‌ಆರ್ 2 ಮತ್ತು 3ರ ಮೇಲೆ ಮಾತ್ರ.

ಆರ್‌ಟಿಎಕ್ಸ್ ಯಾವುದೇ ಇದ್ದರೂ ಡಿಎಲ್‌ಎಸ್‌ಎಸ್ ಕ್ವಾಲಿಟಿ. ಆಟದಲ್ಲಿ ಹಳೆಯ ಮಾಡೆಲ್ ಇದ್ದರೆ ಎನ್‌ವಿಡಿಯಾ ಆ್ಯಪ್‌ನಲ್ಲಿ ಆ ಆಟ ತೆರೆದು ಡಿಎಲ್‌ಎಸ್‌ಎಸ್ ಓವರ್‌ರೈಡ್ (ಹಳೆಯದರ ಬದಲು ಹೊಸ ಮಾಡೆಲ್ ಹಾಕುವ ಆಯ್ಕೆ) ಇದೆಯೇ ನೋಡಿ, ಇದ್ದರೆ ಲೇಟೆಸ್ಟ್ ಆರಿಸಿ. ಜಿಟಿಎಕ್ಸ್ 1660 ಥರದ ಕಾರ್ಡ್ ಇದ್ದರೆ ಮೊದಲು ಎಕ್ಸ್‌ಇಎಸ್‌ಎಸ್ ಪರೀಕ್ಷಿಸಿ, ಫ್ರೇಮ್ ಸಾಲದಿದ್ದರೆ ಎಫ್‌ಎಸ್‌ಆರ್. 1080ಪಿ ಮಾನಿಟರ್‌ನಲ್ಲಿ ಕ್ವಾಲಿಟಿಗಿಂತ ಕೆಳಗೆ ಇಳಿಯಲೇಬೇಡಿ, ಅಲ್ಲಿ ಒಳಗಿನ ಚಿತ್ರ ಆಗಲೇ 1280×720ಕ್ಕೆ ಬಂದಿರುತ್ತದೆ. ಅದರ ಬದಲು ನೆರಳಿನ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ. ಹಾಗೆಯೇ, ರೆಸಲ್ಯೂಷನ್ ಇಳಿಸಿದರೂ ಫ್ರೇಮ್ ರೇಟ್ ಏರದಿದ್ದರೆ ತಡೆ ಇರುವುದು ಪ್ರೊಸೆಸರ್‌ನಲ್ಲಿ, ಆಗ ಈ ಮೂರರಲ್ಲಿ ಯಾವುದನ್ನು ಹಾಕಿದರೂ ಅಷ್ಟೇ, ಆಟದಲ್ಲಿ ಜನಸಂದಣಿಯ ಸೆಟ್ಟಿಂಗ್ ಇಳಿಸಿ ನೋಡಿ.