ಪ್ಲೈವುಡ್, ಜೀನ್ಸ್ ಚಿಂದಿ, ಸಾಫ್ಟ್‌ವೇರ್: ಆರ್ಥೋಟ್ರಾಪಿಕ್ ಯಾವುದ್ರಲ್ಲಿ ಅರ್ಥ ಆಯ್ತು

ಆರ್ಥೋಟ್ರಾಪಿಕ್ ಅಂದ್ರೆ ಒಂದಕ್ಕೊಂದು ಲಂಬ ಇರೋ ಮೂರು ದಿಕ್ಕಲ್ಲಿ ಗುಣ ಬೇರೆ ಬೇರೆ ಇರೋ ವಸ್ತು, ಮರದ ಥರ. ಅದಕ್ಕೆ 9 ಕಾನ್‌ಸ್ಟಂಟ್, ಮೂರು ಇ (ಎಳೆದ್ರೆ ಎಷ್ಟು ಬಿಗಿ), ಮೂರು ಜಿ (ಕೋನ ಓರೆ ಮಾಡಿದ್ರೆ ಎಷ್ಟು ಬಿಗಿ), ಮೂರು ಪಾಯ್ಸನ್ ರೇಷಿಯೊ (ಉದ್ದಕ್ಕೆ ಎಳೆದಾಗ ಅಡ್ಡಕ್ಕೆ ಎಷ್ಟು ಸಣ್ಣಗಾಗುತ್ತೆ), ಇದು ಬಾಯಿಪಾಠ ಇತ್ತು. ಸ್ಟೀಲ್‌ಗೆ ಎಲ್ಲಾ ದಿಕ್ಕಲ್ಲೂ ಗುಣ ಒಂದೇ, ಎರಡೇ ಸಾಕು, ಜಿ ಅನ್ನೋದು ಇ ಮತ್ತು ಪಾಯ್ಸನ್ ರೇಷಿಯೊದಿಂದ್ಲೇ ಸಿಗುತ್ತೆ, ಹಂಗಿದ್ಮೇಲೆ ಇದಕ್ಕ್ಯಾಕೆ ಜಿ ಬೇರೆ ಅಳೀಬೇಕು ಅಂತ ಹುಡುಗ್ರು ಕೇಳಿದಾಗ ನನ್ ಹತ್ರ ನೆಟ್ಟಗೆ ಉತ್ತರ ಇರ್ಲಿಲ್ಲ. ಅದಕ್ಕೇ ಮೂರು ದಾರಿ ಮಾಡಿ ನೋಡ್ದೆ.

ಮೊದ್ಲು ಪ್ಲೈವುಡ್. ಮೂರು ಪದರದ್ದು (ನಡುವಿನ ಪದರದ ಎಳೆ ಹೊರಗಿನವಕ್ಕೆ ಅಡ್ಡ ಇರುತ್ತೆ), ಉದ್ದಕ್ಕೊಂದು ಅಡ್ಡಕ್ಕೊಂದು ಪಟ್ಟಿ ಕೊಯ್ಸಿ, ಎರಡು ಆಸರೆ ಮೇಲಿಟ್ಟು ನಡುವೆ ತೂಕ ಹಾಕಿ ಎಷ್ಟು ಬಾಗುತ್ತೆ ಅಂತ ಅಳೆದೆ. ವ್ಯತ್ಯಾಸ ಭಾರಿ ಕಾಣುತ್ತೆ, ಆದ್ರೆ ಅದನ್ನ ನಂಬಬ್ಯಾಡ್ರಿ. ಪದರ ಮೂರೂ ಒಂದೇ ದಪ್ಪ ಇದ್ರೆ ಬರೀ ಆಕಾರದ ಲೆಕ್ಕದಲ್ಲಿ ಬಾಗುವಾಗ 27ರಲ್ಲಿ 26 ಪಾಲು ಹೊರಗಿನ ಎರಡು ಪದರದ್ದೇ, ನಡುವಿಂದು 1 ಪಾಲು ಅಷ್ಟೇ. ಅದೇ ಲೆಕ್ಕದಲ್ಲಿ ಆ ಪಟ್ಟಿನ ಎಳೆದ್ರೆ ಮೂರೂ ಸಮ ಸಮ. ಅಂದ್ರೆ ನಾನು ಅಳೆದಿದ್ದು ಪದರ ಜೋಡಿಸಿರೋ ರೀತಿನ, ಮರದ ಗುಣನ ಅಲ್ಲ. ಇದೇ ಪ್ರಯೋಗಕ್ಕೆ ಒಂದೇ ತುಂಡಿನ ತೇಗದ ಪಟ್ಟಿ ವಾಸಿ.

ಆಮೇಲೆ ಜೀನ್ಸ್. ನಮ್ಮ ಬಳ್ಳಾರಿಲಿ ಕಟಿಂಗ್ ಚಿಂದಿಗೇನು ಬರ ಇಲ್ಲ. ಲೈಕ್ರಾ ಇಲ್ದಿರೋ ಬಟ್ಟೆನೇ ತಗೊಂಡೆ, ಯಾಕಂದ್ರೆ ಲೈಕ್ರಾ ಇದ್ರೆ ಹೊಕ್ಕಿನ (ಅಡ್ಡ ದಾರದ) ಕಡೆ ಸುಮ್ನೆ ಜಗ್ಗುತ್ತೆ. ನೀಲಿ ದಾರ ಹಾಸು (ಉದ್ದ ದಾರ), ಬಿಳಿ ದಾರ ಹೊಕ್ಕು, ದಿಕ್ಕು ಕಣ್ಣಿಗೇ ಕಾಣುತ್ತೆ. 5 ಸೆಂಮೀ ಅಗಲ 30 ಸೆಂಮೀ ಉದ್ದದ ಮೂರು ಪಟ್ಟಿ, ಹಾಸಿನುದ್ದಕ್ಕೆ, ಹೊಕ್ಕಿನುದ್ದಕ್ಕೆ, ಇನ್ನೊಂದು ಟೈಲರ್‌ಗಳು ಕ್ರಾಸ್ ಅಂತಾರಲ್ಲ ಹಂಗೆ 45 ಡಿಗ್ರಿಗೆ. ಕ್ರಾಸ್ ಪಟ್ಟಿ ಗಿಡ್ಡ ಆಗ್ಬಾರ್ದು, ಇಲ್ಲಾಂದ್ರೆ ಒಂದೇ ದಾರ ಎರಡೂ ಕ್ಲಿಪ್ಪಿಗೆ ಸಿಕ್ಕು ಬಿಗಿ ಆಗಿಬಿಡುತ್ತೆ. ಒಂದೇ ತೂಕ ಮೂರಕ್ಕೂ ನೇತಾಕಿದ್ರೆ ಹಾಸು ಹೊಕ್ಕು ಎರಡೂ ಗಟ್ಟಿ ನಿಂತ್ವು, ಕ್ರಾಸ್ ಮಾತ್ರ ಉದ್ದಕ್ಕೆ ಜಗ್ಗಿ ಸೊಂಟ ಸಣ್ಣ ಮಾಡ್ಕೊಂಡ್ತು! ದಾರ ಉದ್ದ ಆಗಿಲ್ಲ, ದಾರಗಳ ನಡುವಿನ ಕೋನ ತಿರುಗಿದೆ, ಅದೇ ಶಿಯರ್, ಅದನ್ನ ತಡೆಯೋದೇ ಜಿ. ಲೆಕ್ಕದಲ್ಲೂ ಅದೇ ಬರುತ್ತೆ, ಜಿ ತೀರಾ ಕಮ್ಮಿ ಇದ್ದಾಗ 45 ಡಿಗ್ರಿಯ ಇ ಹೆಚ್ಚುಕಮ್ಮಿ ಜಿ-ಯ ನಾಲ್ಕು ಪಟ್ಟು. ಎರಡು ಇ ಎಷ್ಟೇ ದೊಡ್ಡದಿರ್ಲಿ ಜಿ ಅವುಗಳ ಮಾತು ಕೇಳಲ್ಲ, ಇದನ್ನ ನೋಡಿದ ಹುಡುಗ್ರು ಮತ್ತೆ ಆ ಪ್ರಶ್ನೆ ಕೇಳ್ಲಿಲ್ಲ. ನನಗಂತೂ ಇದೇ ಫಸ್ಟ್. ಡೆನಿಮ್ ನೇಯ್ಗೆ ಓರೆ ಇರೋದ್ರಿಂದ ಪಕ್ಕಾ ಆರ್ಥೋಟ್ರಾಪಿಕ್ ಅಲ್ಲ, ಅದು ನಿಜ, ತಿಳ್ಕೊಳ್ಳೋಕೆ ಮಾತ್ರ ಸಾಕು.

ಸಾಫ್ಟ್‌ವೇರ್ (ಭಾರ ಹಾಕಿದ್ರೆ ವಸ್ತು ಹೆಂಗೆ ಬಾಗುತ್ತೆ ಅಂತ ಲೆಕ್ಕ ಹಾಕೋ ಅನ್ಸಿಸ್ ಥರದ್ದು) ಕೊನೆಗಿರ್ಲಿ. ಅಂಕಿ ಹಾಕಿದ್ರೆ ಬಣ್ಣದ ಚಿತ್ರ ಬರುತ್ತೆ, ತಪ್ಪು ಹಾಕಿದ್ರೂ ಎಷ್ಟೋ ಸಲ ಬರುತ್ತೆ. ಇ1 (ಒಂದನೇ ದಿಕ್ಕಿನ ಇ) 140, ಇ2 (ಎರಡನೇ ದಿಕ್ಕಿಂದು) 10 ಗಿಗಾಪಾಸ್ಕಲ್, ನ್ಯೂ12 (ಒಂದನೇ ದಿಕ್ಕಿಗೆ ಎಳೆದಾಗ ಎರಡನೇ ದಿಕ್ಕಿನ ಪಾಯ್ಸನ್ ರೇಷಿಯೊ) 0.3 ಅಂದ್ಕೊಳ್ರಿ, ಆಗ ಅದರ ಉಲ್ಟಾ ನ್ಯೂ21 ಬರೀ 0.021. ಅನ್ಸಿಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿನ ಜಾಗ ಐತೆ, 0.3 ಹಾಕೋ ಜಾಗದಲ್ಲಿ 0.021 ಹಾಕಿದ್ರೆ ಅದು ಕೂಗಾಡಲ್ಲ, ಸುಮ್ನೆ ತಪ್ಪು ಉತ್ತರ ಕೊಡುತ್ತೆ. ಅದಕ್ಕೆ ರನ್ ಮಾಡೋಕೆ ಮುಂಚೆ ನ್ಯೂ12 ಭಾಗಿಸು ಇ1, ನ್ಯೂ21 ಭಾಗಿಸು ಇ2, ಎರಡೂ ಸಮ ಇದಾವಾ ಅಂತ ಪೇಪರ್ ಮೇಲೆ ಒಮ್ಮೆ ನೋಡ್ಕೊಳ್ರಿ.