ಅಲೈಡ್ ಹೆಲ್ತ್ ಪದವಿ: ತರಗತಿ ಗಟ್ಟಿ, ಪೋಸ್ಟಿಂಗ್ ಅಷ್ಟಕ್ಕಷ್ಟೆ

ಆರೋಗ್ಯ ಪೂರಕ ವಿಜ್ಞಾನಗಳ ನಾಲ್ಕು ವರ್ಷದ ಪದವಿಯೊಂದರ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಲಾಗ್‌ಬುಕ್‌ಗಳನ್ನು ಓದಿ, ಅಲ್ಲಿಂದ ನಮ್ಮ ಪ್ರಯೋಗಾಲಯಕ್ಕೆ ಪ್ರಾಯೋಗಿಕ ತರಬೇತಿಗೆ, ಅಂದರೆ ಪೋಸ್ಟಿಂಗ್‌ಗೆಂದು ಬಂದ ವಿದ್ಯಾರ್ಥಿಗಳ ಕೆಲಸವನ್ನು ಹತ್ತಿರದಿಂದ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಇಲ್ಲಿ ಮುಖ್ಯವಲ್ಲ. ಇಂತಹ ಪದವಿಯನ್ನು ತೂಗುವಾಗ ಏನನ್ನು ನೋಡಬೇಕೆಂಬುದೇ ಮುಖ್ಯ. ಮೊದಲ ವರ್ಷ ಎಲ್ಲ ವಿಭಾಗಗಳಿಗೂ ಒಂದೇ ಆಗಿದ್ದು, ಎರಡನೆಯ ವರ್ಷದಿಂದ ಲ್ಯಾಬ್ ತಂತ್ರಜ್ಞಾನ, ರೇಡಿಯೋಗ್ರಫಿ, ಡಯಾಲಿಸಿಸ್ ಮತ್ತು ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ರೋಗಿಗಳಿಗೆ ನೆರವಾಗುವ ಚಿಕಿತ್ಸೆ) ಎಂದು ಕವಲೊಡೆಯುತ್ತದೆ. ನನ್ನ ವೃತ್ತಿ ಲ್ಯಾಬಿನದಾದ್ದರಿಂದ ಹೆಚ್ಚಿನ ಮಾತು ಅದರ ಬಗ್ಗೆಯೇ ಇರುತ್ತದೆ.

ಪಾಠದ ವಿಷಯದಲ್ಲಿ ದೂರುವುದಕ್ಕೆ ಹೆಚ್ಚೇನಿಲ್ಲ. ಯಂತ್ರದ ಗುಂಡಿ ಒತ್ತುವುದಷ್ಟನ್ನೇ ಕಲಿಸದೆ, ಬಂದ ಫಲಿತಾಂಶವನ್ನು ಅನುಮಾನಿಸುವುದನ್ನೂ ಇಲ್ಲಿ ಕಲಿಸುತ್ತಾರೆ. ಒಮ್ಮೆ ಒಂದು ಮಾದರಿಯಲ್ಲಿ ಪೊಟ್ಯಾಸಿಯಮ್ ಜೀವಕ್ಕೇ ಅಪಾಯವೆನಿಸುವಷ್ಟು ಹೆಚ್ಚಾಗಿಯೂ ಕ್ಯಾಲ್ಸಿಯಮ್ ನಂಬಲಾಗದಷ್ಟು ಕಡಿಮೆಯಾಗಿಯೂ ಕಂಡಾಗ, ಮೂರನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ವರದಿಯನ್ನು ತಡೆದು, ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಸೀರಮ್ ಟ್ಯೂಬಿಗೆ ಬೆರೆತಿರಬಹುದೇ ಎಂದು ವಾರ್ಡಿಗೆ ಫೋನ್ ಮಾಡಿ ಕೇಳಿದಳು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಪೊಟ್ಯಾಸಿಯಮ್ ಲವಣದ ರೂಪದಲ್ಲಿರುತ್ತದೆ ಮತ್ತು ಕ್ಯಾಲ್ಸಿಯಮ್ಮನ್ನು ಬಂಧಿಸಿಬಿಡುತ್ತದೆ. ಹಾಗಾಗಿ ಒಂದು ಏರಿ ಇನ್ನೊಂದು ಇಳಿಯುತ್ತದೆ. ಹೊಸದಾಗಿ ರಕ್ತ ತೆಗೆದು ನೋಡಿದಾಗ ಎರಡೂ ಸಹಜ ಮಟ್ಟದಲ್ಲಿದ್ದವು. ರಕ್ತ ತೆಗೆಯುವಾಗ ಸೀರಮ್ ಟ್ಯೂಬನ್ನು ಮೊದಲು, ಇಡಿಟಿಎ ಟ್ಯೂಬನ್ನು ಆಮೇಲೆ ತುಂಬಬೇಕೆಂಬ ನಿಯಮವನ್ನು ಬಾಯಿಪಾಠ ಮಾಡಿದವರು ಬಹಳ ಜನ ಸಿಗುತ್ತಾರೆ, ಕಾರಣ ಗೊತ್ತಿರುವವರು ಅಪರೂಪ.

ಗುಣಮಟ್ಟ ನಿಯಂತ್ರಣಕ್ಕೆ ಇಡೀ ಒಂದು ಸೆಮಿಸ್ಟರ್ ಮೀಸಲಿಟ್ಟಿರುವುದು ನನಗೆ ಬಹಳ ಹಿಡಿಸಿತು. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಪ್ರಯೋಗಾಲಯಗಳಿಗೆ ತಂದ ನಿಯಂತ್ರಣ ನಕ್ಷೆಯಿಂದ ಹಿಡಿದು, ಮೌಲ್ಯ ಮೊದಲೇ ಗೊತ್ತಿರುವ ಕಂಟ್ರೋಲ್ ಮಾದರಿಗಳ ಫಲಿತಾಂಶಗಳನ್ನು ಯಾವಾಗ ತಿರಸ್ಕರಿಸಬೇಕೆಂದು ಹೇಳುವ ವೆಸ್ಟ್‌ಗಾರ್ಡ್ ನಿಯಮಗಳು, ವೈದ್ಯಕೀಯ ಪ್ರಯೋಗಾಲಯಗಳ ಗುಣಮಟ್ಟಕ್ಕೆಂದಿರುವ, 2022ರಲ್ಲಿ ಪರಿಷ್ಕೃತವಾದ ಐಎಸ್‌ಒ 15189 ಮಾನದಂಡ, ಎಲ್ಲವೂ ಪಠ್ಯದಲ್ಲಿವೆ. ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆಯಿರಿ ಎಂದು ಕೇಳದೆ ನಕ್ಷೆಯನ್ನೇ ಕೊಟ್ಟು, ಈ ದಿನದ ವರದಿಗಳನ್ನು ಬಿಡುಗಡೆ ಮಾಡುತ್ತೀರಾ ಎಂದು ಕೇಳಿದ್ದಾರೆ.

ಆದರೆ ಇಂತಹ ಪದವಿಯ ಬೆಲೆ ಕೊನೆಗೆ ನಿಲ್ಲುವುದು ಪೋಸ್ಟಿಂಗ್‌ನಲ್ಲಿ, ಮತ್ತು ಅಲ್ಲಿಯೇ ಇದು ಸೊರಗಿದೆ. ಲಾಗ್‌ಬುಕ್ಕಿನಲ್ಲಿ ‘ನೋಡಿದ್ದು’, ‘ಸಹಾಯ ಮಾಡಿದ್ದು’, ‘ಮೇಲ್ವಿಚಾರಣೆಯಲ್ಲಿ ತಾನೇ ಮಾಡಿದ್ದು’ ಎಂಬ ಮೂರು ಕಾಲಂಗಳಿವೆ, ವಿನ್ಯಾಸವೇನೋ ಚೆನ್ನಾಗಿದೆ. ನಾನು ತೆರೆದು ನೋಡಿದ ಪುಸ್ತಕಗಳಲ್ಲಿ ಮೊದಲ ಕಾಲಂ ತುಂಬಿ ತುಳುಕುತ್ತಿತ್ತು, ಮೂರನೆಯದು ಹೆಚ್ಚುಕಡಿಮೆ ಖಾಲಿಯಿತ್ತು. ಬೇರೆ ಬೇರೆ ವಾರಗಳ ನಮೂದುಗಳ ಕೆಳಗೆ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಹಾಕಿದಂತಿದ್ದ ಸಹಿಗಳನ್ನು ಕಂಡ ಮೇಲೆ ಒಟ್ಟು ಗಂಟೆಗಳ ಲೆಕ್ಕಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಯಾರಿಗಾದರೂ ಅನುಮಾನ ಬರುತ್ತದೆ. ಆಕ್ಯುಪೇಷನಲ್ ಥೆರಪಿಗೆ ಅದರ ವಿಶ್ವ ಒಕ್ಕೂಟವು ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ನಿಗದಿಪಡಿಸಿದ್ದು, ಈ ಪದವಿ ಕಾಗದದ ಮೇಲೆ ಅದನ್ನು ದಾಟುತ್ತದೆ. ಆದರೆ ಒಬ್ಬ ಮೇಲ್ವಿಚಾರಕರ ಹಿಂದೆ ಹತ್ತಾರು ವಿದ್ಯಾರ್ಥಿಗಳು ನಿಂತರೆ, ರೋಗಿಯನ್ನು ಮುಟ್ಟಿ ಕಲಿಯುವ ಅವಕಾಶ ಯಾರ ಪಾಲಿಗೆಷ್ಟು ಬಂದೀತು? ರಕ್ತನಾಳ ಹುಡುಕುವುದನ್ನಾಗಲಿ, ಎಕ್ಸ್‌ರೇಗೆ ನೋವಿನಲ್ಲಿರುವ ರೋಗಿಯನ್ನು ಸರಿಯಾದ ಭಂಗಿಯಲ್ಲಿ ಮಲಗಿಸುವುದನ್ನಾಗಲಿ ಹೆಗಲ ಮೇಲಿಂದ ಇಣುಕಿ ಕಲಿಯಲಾಗುವುದಿಲ್ಲ.

ಗ್ರಂಥಾಲಯ, ಹಾಸ್ಟೆಲ್‌ಗಳು ಸಾಧಾರಣ. ರೋಗಿಯ ಬದಲು ಮಾದರಿಗಳ ಮೇಲೆ ಅಭ್ಯಾಸ ಮಾಡುವ ಸಿಮ್ಯುಲೇಷನ್ ಲ್ಯಾಬ್ ಹೊಳೆಯುತ್ತಿದೆ. ಬಳಸಿದ ಗುರುತು ಕಡಿಮೆ.

ಸೇರುವ ಮುನ್ನ ಅಗತ್ಯವಾಗಿ ವಿಚಾರಿಸಬೇಕಾದದ್ದು ಮಾನ್ಯತೆಯ ವಿಷಯ. ವಿಶ್ವವಿದ್ಯಾಲಯಕ್ಕಿರುವ ಮಾನ್ಯತೆ ಬೇರೆ, ಆಯಾ ವೃತ್ತಿಯ ನಿಯಂತ್ರಣ ಮಂಡಳಿ ಆ ನಿರ್ದಿಷ್ಟ ಪದವಿಗೆ ಕೊಡುವ ಅನುಮೋದನೆ ಬೇರೆ. ವೃತ್ತಿ ನೋಂದಣಿ ಕಡ್ಡಾಯವಿರುವ ಕಡೆಗಳಲ್ಲಿ ಎರಡನೆಯದಿಲ್ಲದೆ ಪದವಿ ಕೈಯಲ್ಲಿದ್ದರೂ ಕೆಲಸ ಮಾಡಲು ಬಿಡುವುದಿಲ್ಲ. ನಾನು ಲಿಖಿತವಾಗಿ ಕೇಳಿದಾಗ, ಲ್ಯಾಬ್ ಮತ್ತು ರೇಡಿಯೋಗ್ರಫಿ ವಿಭಾಗಗಳಿಗೆ ಅನುಮೋದನೆಯಿದೆ, ಉಳಿದೆರಡರ ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಮಾಹಿತಿ ಪುಸ್ತಿಕೆಯಲ್ಲಿ ಮಾತ್ರ ನಾಲ್ಕನ್ನೂ ಒಂದೇ ಸಾಲಿನಲ್ಲಿ ‘ಮಾನ್ಯತೆ ಪಡೆದ’ ಎಂದು ಅಚ್ಚು ಹಾಕಿಸಿದ್ದಾರೆ. ಲ್ಯಾಬ್ ವಿಭಾಗಕ್ಕೆ ಸೇರುವವರು ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಒಬ್ಬ ಮೇಲ್ವಿಚಾರಕರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿಕೊಂಡು ಸೇರಬಹುದು; ಡಯಾಲಿಸಿಸ್ ಮತ್ತು ಆಕ್ಯುಪೇಷನಲ್ ಥೆರಪಿಗೆ ಸೇರಬೇಕೆಂದಿರುವವರು ಅನುಮೋದನೆಯ ಪತ್ರವನ್ನು ಕಣ್ಣಾರೆ ಕಾಣುವವರೆಗೂ ಶುಲ್ಕ ಕಟ್ಟದಿರುವುದು ಒಳ್ಳೆಯದು.