ಕಾಲಿನ ರಕ್ತನಾಳದ ಅಡಚಣೆಗೆ ಯಾವ ಸ್ಕ್ಯಾನ್: ಡಾಪ್ಲರ್, ಸಿಟಿ, ಎಂಆರ್ ಅಥವಾ ಡಿಎಸ್‌ಎ?

ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ ಎನ್ನುವವರಿಗೆ ಸ್ಕ್ಯಾನ್‌ಗಿಂತ ಮೊದಲು ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ ನೋಡಬೇಕು. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆ ಎಂದೇ ಹಿಡಿಯಬೇಕು. 1.40 ದಾಟಿದರೆ ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಗಟ್ಟಿಯಾಗಿ ಕೂತಿದೆ. ಆಗ ಕಾಲ್ಬೆರಳಿನ ಒತ್ತಡ ಅಳೆಯಬೇಕು. ಮುಂದೆ ಯಾವ ಸ್ಕ್ಯಾನ್ ಎಂಬುದನ್ನೂ ಬಹುಪಾಲು ಈ ಕ್ಯಾಲ್ಸಿಯಂ ಮತ್ತು ಕಿಡ್ನಿಯ ಸ್ಥಿತಿಯೇ ತೀರ್ಮಾನಿಸುತ್ತವೆ.

ಮೊದಲ ಆಯ್ಕೆ ಡಾಪ್ಲರ್, ಅಂದರೆ ರಕ್ತದ ಹರಿವನ್ನು ಅಳೆಯುವ ಅಲ್ಟ್ರಾಸೌಂಡ್. ವಿಕಿರಣವಿಲ್ಲ, ಕಾಂಟ್ರಾಸ್ಟ್ (ನಾಳ ಎದ್ದು ಕಾಣಲು ಚುಚ್ಚುವ ದ್ರವ) ಇಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು. ಕಿರಿದಾದ ಕಡೆ ರಕ್ತದ ಗರಿಷ್ಠ ವೇಗ ಅದರ ಮೇಲಿನ ಸರಿಯಾದ ಭಾಗದ ಎರಡು ಪಟ್ಟು ದಾಟಿದರೆ, ನಾಳ ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ ಎಂದರ್ಥ. ಅಲ್ಟ್ರಾಸೌಂಡ್ ಕಿರಣಕ್ಕೂ ರಕ್ತದ ಹರಿವಿಗೂ ನಡುವಿನ ಕೋನ 60 ಡಿಗ್ರಿ ಮೀರಬಾರದು. ಮೀರಿದರೆ ಕೋನದ ಸಣ್ಣ ತಪ್ಪೂ ವೇಗದ ಲೆಕ್ಕವನ್ನು ಕೆಡಿಸುತ್ತದೆ. ತೊಡೆಯಲ್ಲಿ ಇದು ಚೆನ್ನಾಗಿ ಕಾಣಿಸುತ್ತದೆ. ಕಾಲಿಗೆ ರಕ್ತ ಒಯ್ಯುವ, ಹೊಟ್ಟೆಯೊಳಗಿನ ಇಲಿಯಾಕ್ ನಾಳವನ್ನು ಕರುಳಿನ ಗ್ಯಾಸ್ ಮರೆಮಾಡುತ್ತದೆ, ಅದಕ್ಕೇ ಉಪವಾಸ.

ಇಲಿಯಾಕ್ ಮೇಲೆ ಅನುಮಾನವಿದ್ದರೆ ಸಿಟಿ ಆಂಜಿಯೋ, ಅಂದರೆ ಕಾಂಟ್ರಾಸ್ಟ್ ಕೊಟ್ಟು ರಕ್ತನಾಳಗಳ ಸಿಟಿ ಸ್ಕ್ಯಾನ್. 18 ಅಥವಾ 20 ಗೇಜ್ ಸೂಜಿ, ಸೆಕೆಂಡಿಗೆ ಸುಮಾರು 4 ಮಿಲಿ ವೇಗದಲ್ಲಿ ಅಯೋಡಿನ್ ಕಾಂಟ್ರಾಸ್ಟ್. ಇಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಹರಿವು ನಿಧಾನವಿರುವ ಕಾಲಿನಲ್ಲಿ ರೋಗಿ ಮಲಗಿದ ಟೇಬಲ್ ವೇಗವಾಗಿ ಓಡಿದರೆ ಕಾಂಟ್ರಾಸ್ಟ್ ಹಿಂದೆ ಉಳಿಯುತ್ತದೆ, ತೆರೆದಿರುವ ನಾಳವೂ ಮುಚ್ಚಿದಂತೆ ಕಾಣುತ್ತದೆ. ಮೊಣಕಾಲಿನ ಕೆಳಗೆ ತಕ್ಷಣ ಎರಡನೇ ಸುತ್ತು ತೆಗೆಯುವ ಸೌಲಭ್ಯವನ್ನು ಮೊದಲೇ ಸಿದ್ಧವಿಟ್ಟಿರಬೇಕು. ಇನ್ನೊಂದು, ಕ್ಯಾಲ್ಸಿಯಂ ಚಿತ್ರದಲ್ಲಿ ಊದಿಕೊಂಡು ಒಳದಾರಿಯನ್ನೇ ನುಂಗುತ್ತದೆ. ವಿಂಡೋ (ತೆರೆಯ ಮೇಲೆ ತೋರಿಸುವ ಕಪ್ಪು-ಬಿಳುಪಿನ ವ್ಯಾಪ್ತಿ) ಅಗಲ ಮಾಡಿ, ಅಡ್ಡ ಸ್ಲೈಸ್‌ಗಳಲ್ಲೇ ಓದಬೇಕು. ಬಣ್ಣದ 3ಡಿ ಚಿತ್ರ ನೋಡಿ ರಿಪೋರ್ಟ್ ಬರೆಯುವುದು ನಮ್ಮ ದೃಷ್ಟಿಯಲ್ಲಿ ಅಪಾಯಕರ. ಬಹುಕಾಲದಿಂದ ಮಧುಮೇಹವಿರುವವರ ಮೀನಖಂಡದ ಸಣ್ಣ ನಾಳಗಳಲ್ಲಿ ಇಷ್ಟು ಮಾಡಿದರೂ ಉತ್ತರ ಸಿಗದಿರಬಹುದು.

ಅಂಥವರಿಗೆ ಎಂಆರ್ ಆಂಜಿಯೋ (ಎಂಆರ್‌ಐ ಯಂತ್ರದಲ್ಲಿ ತೆಗೆಯುವ ರಕ್ತನಾಳಗಳ ಚಿತ್ರ) ಮೇಲು, ಕ್ಯಾಲ್ಸಿಯಂ ಅದಕ್ಕೆ ಅಡ್ಡಿಯಲ್ಲ. ಆದರೆ ನಾಳ ತೆರೆದಿಡಲು ಹಾಕಿದ ಲೋಹದ ಸ್ಟೆಂಟ್ ಇರುವಲ್ಲಿ ಸಿಗ್ನಲ್ ಮಾಯವಾಗುತ್ತದೆ. ಅದನ್ನು ಅಡಚಣೆ ಎಂದು ಓದಬಾರದು. ಕಿಡ್ನಿಯ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕಡಿಮೆಯಿದ್ದರೆ ಯಾವ ಗ್ಯಾಡೊಲಿನಿಯಂ (ಎಂಆರ್‌ನ ಕಾಂಟ್ರಾಸ್ಟ್) ಎಂಬುದು ಮುಖ್ಯ: ಲೋಹವನ್ನು ಉಂಗುರದಂಥ ಅಣುವಿನೊಳಗೆ ಬಿಗಿಯಾಗಿ ಹಿಡಿದಿಡುವ ಮ್ಯಾಕ್ರೋಸೈಕ್ಲಿಕ್ ಬಗೆಯೇ ಇರಲಿ.

ಡಿಎಸ್‌ಎಗೆ (ನಾಳದೊಳಗೆ ನಳಿಕೆ ತೂರಿಸಿ, ಕಾಂಟ್ರಾಸ್ಟ್ ಬಿಟ್ಟು ತೆಗೆಯುವ ಎಕ್ಸ್‌-ರೇ) ಸಾಮಾನ್ಯವಾಗಿ ತೊಡೆಸಂದಿನ ಅಪಧಮನಿಗೆ ಚುಚ್ಚಬೇಕು. ರೋಗ ಪತ್ತೆಗಷ್ಟೇ ಆದರೆ ಅದು ಬೇಡ. ಅದೇ ಸಲ ನಾಳ ಅಗಲಿಸಲು ಬಲೂನ್ ಹಾಕುವ ಉದ್ದೇಶವಿದ್ದರೆ ಬೇರೆ ದಾರಿಯಿಲ್ಲ. ಕಿಡ್ನಿ ಸೋತಿದ್ದರೆ ಅಯೋಡಿನ್ ಬದಲು ಇಂಗಾಲದ ಡೈಆಕ್ಸೈಡ್ ಬಳಸಬಹುದು, ಆದರೆ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು ಪರದೆಯ) ಕೆಳಗಿನ ಅಪಧಮನಿಗಳಲ್ಲಿ ಮಾತ್ರ. ಮೇಲೆ ಬಿಟ್ಟರೆ ಅನಿಲ ಮಿದುಳು ಸೇರಬಹುದು.